ವಿಂಡೋಸ್ 10 ಮುಗೀತು, ಪ್ರೊಸೆಸರ್ ಹಳೇದು: ಲಿನಕ್ಸ್‌ಗೆ ಹೋಗೋದಾ, ಹೊಸ ಲ್ಯಾಪ್‌ಟಾಪ್ ತಗೊಳ್ಳೋದಾ?

ಕಿತ್ತಳೆ_ಸಿಪ್ಪೆ (ಸುಂಟಿಕೊಪ್ಪ)

ಎಲ್ಲರಿಗೂ ನಮಸ್ಕಾರ. ತೋಟದ ಲೆಕ್ಕ ನೋಡುವ ಸಣ್ಣ ಆಫೀಸಿಗೆ ಸಲಹೆ ಬೇಕು. ಇರೋದು ಮೂರು ಸಿಸ್ಟಮ್. ಡೆಸ್ಕ್‌ಟಾಪ್ ಒಂದು, ಐ5-7400, ಎಚ್110 ಬೋರ್ಡ್, 8 ಜಿಬಿ ರ‍್ಯಾಮ್. ಲ್ಯಾಪ್‌ಟಾಪ್ ಒಂದು, ರೈಜನ್ 5 2500ಯು. ಮೂಲೆಯಲ್ಲಿ ಒಂದು ಕೋರ್ 2 ಡ್ಯುಯೊ ಇ7500, ಬಿಲ್ ಪ್ರಿಂಟ್ ತೆಗೆಯೋಕೆ ಮಾತ್ರ. ಮೂರರಲ್ಲೂ ವಿಂಡೋಸ್ 10. ವಿಂಡೋಸ್ 11 ಹಾಕೋಕೆ ಹೋದ್ರೆ ಮೂರೂ ಕಡೆ ಪ್ರೊಸೆಸರ್ ಆಗಲ್ಲ ಅಂತ ಬರುತ್ತೆ.

ದಿನಾ ಬೇಕಾಗೋದು: ಟ್ಯಾಲಿ, ಜಿಎಸ್‌ಟಿಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಕ್ಯಾನನ್ ಎಲ್‌ಬಿಪಿ2900 ಪ್ರಿಂಟರ್, ಮತ್ತೆ ನುಡಿಯಲ್ಲಿ ಟೈಪ್ ಮಾಡಿಟ್ಟ ಹಳೇ ಪತ್ರಗಳು.

ಡೆಸ್ಕ್‌ಟಾಪ್‌ಗೆ ಬರೀ 8ನೇ ಜನರೇಷನ್ ಪ್ರೊಸೆಸರ್ ಕೂರಿಸಿದ್ರೆ ಸಾಕಾ? ಸಾಕೆಟ್ ಎರಡಕ್ಕೂ 1151 ಅಂತಲೇ ಇದೆ. ಇಲ್ಲಾ ಎಲ್ಲಾ ಲಿನಕ್ಸ್ ಮಾಡೋದು ಒಳ್ಳೇದಾ? ಹೊಸದು ತಗೊಳ್ಳೋದಾದ್ರೆ ಸ್ನಾಪ್‌ಡ್ರಾಗನ್ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಚೆನ್ನಾಗಿ ಬರುತ್ತಂತೆ. ಜೂನ್ ಬಂದ್ರೆ ಇಲ್ಲಿ ಕರೆಂಟ್ ಕಥೆ ಗೊತ್ತಲ್ಲ.

ರೋಬಸ್ಟ_ಬೀಜ (ಗೋಣಿಕೊಪ್ಪ)

ಟೋಕನ್ ಇದೆ ಅಂದ್ರಲ್ಲ, ಸ್ನಾಪ್‌ಡ್ರಾಗನ್ ಕಥೆ ಅಲ್ಲಿಗೇ ಮುಗೀತು.

ಕೊಡೆ_ಮರೆತವ (ಮಡಿಕೇರಿ)

ಯಾಕೆ ಮುಗೀತು ಅಂತ ಹೇಳಿ ಮುಗಿಸಿ ಮಾರಾಯ್ರೆ. ಈಗ ಪ್ರಿಸಂ ಅನ್ನೋ ಎಮ್ಯುಲೇಟರ್ ವಿಂಡೋಸ್ ಒಳಗೇ ಬರುತ್ತೆ. ಇಂಟೆಲ್‌ಗೆ ಬರೆದ ಪ್ರೋಗ್ರಾಂ ಎಲ್ಲ ಓಡುತ್ತೆ.

ಬೈನೆ_ಮರ (ವಿರಾಜಪೇಟೆ)

ಪ್ರೋಗ್ರಾಂ ಓಡುತ್ತೆ, ಡ್ರೈವರ್ ಓಡಲ್ಲ. ವ್ಯತ್ಯಾಸ ಇರೋದು ಅಲ್ಲೇ.

ಪ್ರಿಸಂ ಅನುವಾದ ಮಾಡೋದು ಸಾಮಾನ್ಯ ಪ್ರೋಗ್ರಾಂಗಳನ್ನು ಮಾತ್ರ, 32-ಬಿಟ್ ಆಗಲಿ 64-ಬಿಟ್ ಆಗಲಿ. ಕರ್ನಲ್ ಒಳಗೆ, ಅಂದ್ರೆ ಓಎಸ್‌ನ ತಿರುಳಿನಲ್ಲಿ, ಕೂರುವ ಡ್ರೈವರ್‌ಗೆ ಎಮ್ಯುಲೇಷನ್ ಇಲ್ಲವೇ ಇಲ್ಲ, ಅದನ್ನು ಎಆರ್‌ಎಮ್‌ಗೆಂದೇ, ಅಂದ್ರೆ ಸ್ನಾಪ್‌ಡ್ರಾಗನ್ ಬಗೆಯ ಚಿಪ್‌ಗೆಂದೇ, ಬರೆದಿರಬೇಕು. ಟ್ಯಾಲಿ ತೆರೆಯಬಹುದು, ಎಕ್ಸೆಲ್ ಅಂತೂ ಸೊಗಸಾಗಿ ಓಡುತ್ತೆ. ಎಲ್‌ಬಿಪಿ2900 ಮಾತ್ರ ಕೈ ಎತ್ತುತ್ತೆ. ಅದು ಮಾತಾಡೋದು ಕ್ಯಾಪ್ಟ್ ಅನ್ನೋ ತನ್ನದೇ ಭಾಷೆ. ಬೇರೆ ಪ್ರಿಂಟರ್‌ಗಳು ಸಾಮಾನ್ಯವಾಗಿ ಬಳಸುವ ಪಿಸಿಎಲ್ಲೂ ಗೊತ್ತಿಲ್ಲ, ಐಪಿಪಿಯೂ ಗೊತ್ತಿಲ್ಲ, ಹಾಗಾಗಿ ವಿಂಡೋಸ್‌ನ ಸಾಮಾನ್ಯ ಪ್ರಿಂಟರ್ ಡ್ರೈವರ್ ಅದಕ್ಕೆ ಹೊಂದಲ್ಲ.

ಬೆರಳಚ್ಚು ರೀಡರ್, ಕೆಲವು ವಿಪಿಎನ್, ಹಳೇ ಸ್ಕ್ಯಾನರ್, ಎಲ್ಲಕ್ಕೂ ಇದೇ ಗತಿ.

ಕೊಡೆ_ಮರೆತವ (ಮಡಿಕೇರಿ)

ಪ್ರಿಂಟರ್ ಒಪ್ಪಿದೆ. ಟೋಕನ್? ಸಿಸಿಐಡಿ ಬಗೆಯ, ಅಂದ್ರೆ ಸ್ಮಾರ್ಟ್ ಕಾರ್ಡ್ ರೀಡರ್ ಥರದ, ಟೋಕನ್‌ಗೆ ವಿಂಡೋಸ್‌ನಲ್ಲೇ ಡ್ರೈವರ್ ಇದೆಯಲ್ಲ.

ಬೈನೆ_ಮರ (ವಿರಾಜಪೇಟೆ)

ಇದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಸ್ಮಾರ್ಟ್ ಕಾರ್ಡ್ ರೀಡರ್ ಅಂತ ಹಳದಿ ಗುರುತಿಲ್ಲದೆ ಕೂರುತ್ತೆ, ನೋಡಿದವರು ಎಲ್ಲ ಸರಿಯಾಯ್ತು ಅಂದ್ಕೊಳ್ತಾರೆ. ಅದರ ಮೇಲೊಂದು ಮಿಡ್ಲ್‌ವೇರ್ ಬೇಕು, ಪ್ರಮಾಣಪತ್ರ ಓದಿ ಪಿನ್ ಕೇಳೋದು ಅದು. ಅದರ ಡಿಎಲ್‌ಎಲ್ ಇಂಟೆಲ್‌ಗೆ ಬರೆದದ್ದಾದ್ರೆ ಎಆರ್‌ಎಮ್‌ನದೇ ಆದ ಪ್ರೋಗ್ರಾಂ ಒಳಗೆ ಅದು ಲೋಡ್ ಆಗಲ್ಲ. ಕೊನೆಗೆ ರೀಡರ್ ಕಾಣುತ್ತೆ, ಪ್ರಮಾಣಪತ್ರದ ಪಟ್ಟಿ ಖಾಲಿ. 20ನೇ ತಾರೀಖು ರಿಟರ್ನ್ ಕಟ್ಟಬೇಕಾದವರು ಇದನ್ನು 19ನೇ ರಾತ್ರಿ ಕಂಡುಹಿಡಿಯೋದು ಬೇಡ. ಟೋಕನ್ ಮಾರಿದವರ ಹತ್ತಿರ ಎಆರ್‌ಎಮ್64 ಇನ್‌ಸ್ಟಾಲರ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ. "ವಿಂಡೋಸ್ 11ರಲ್ಲಿ ಓಡುತ್ತೆ ಸಾರ್" ಅನ್ನೋದು ಈ ಪ್ರಶ್ನೆಗೆ ಉತ್ತರ ಅಲ್ಲ.

ಹಾರಂಗಿ_ದಂಡೆ (ಕುಶಾಲನಗರ)

ಡೆಸ್ಕ್‌ಟಾಪ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕಿತ್ತಳೆ ಅವರೇ, ದಯವಿಟ್ಟು 8ನೇ ಜನರೇಷನ್ ಚಿಪ್ ಕೊಳ್ಳಬೇಡಿ. ಎಚ್110 ಬೋರ್ಡಿಗೆ 6 ಮತ್ತು 7ನೇ ಜನರೇಷನ್ ಮಾತ್ರ. 8ಕ್ಕೆ 300 ಸರಣಿಯ ಬೋರ್ಡ್ ಬೇಕು, ಎಚ್310, ಬಿ360 ಆ ಥರ. ಪಿನ್ ಎಣಿಕೆ ಒಂದೇ, ಕಿಂಡಿಯಲ್ಲಿ ಕೂರುತ್ತೂ ಕೂರುತ್ತೆ. ಆದರೆ ಕರೆಂಟ್ ಸಾಗಿಸುವ ಪಿನ್‌ಗಳ ಹಂಚಿಕೆ ಬೇರೆ. ಫ್ಯಾನ್ ತಿರುಗುತ್ತೆ, ಪರದೆ ಕಪ್ಪು.

ಬೋರ್ಡೂ ಬದಲಿಸ್ತೀರಾದ್ರೆ ಮೊದಲು ರ‍್ಯಾಮ್ ಬಿಚ್ಚಿ ನೋಡಿ. ಎಚ್110ರಲ್ಲಿ ಡಿಡಿಆರ್3 ಬೋರ್ಡೂ ಬಂದಿತ್ತು, ಡಿಡಿಆರ್4 ಬೋರ್ಡೂ ಬಂದಿತ್ತು. ಡಿಡಿಆರ್3 ಆಗಿದ್ರೆ ಅದೂ ಖರ್ಚು. ಸಿಸ್ಟಮ್ ಜತೆ ಬಂದ ಓಇಎಮ್ ಲೈಸೆನ್ಸ್ ಬೋರ್ಡಿಗೆ ಅಂಟಿಕೊಂಡಿರುತ್ತೆ, ಬೋರ್ಡ್ ಹೋದ್ರೆ ಅದೂ ಹೋಯ್ತು. ಮೂರೂ ಕೂಡಿಸಿ ನೋಡಿದ್ರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಐ5-8500 ಇರುವ ಪೂರ್ತಿ ಆಫೀಸ್ ಸಿಸ್ಟಮ್ ತಗೊಳ್ಳೋದೇ ವಾಸಿ.

ಏಲಕ್ಕಿ_ಘಾಟು (ಸೋಮವಾರಪೇಟೆ)

ಎಎಮ್‌ಡಿ ಕಡೆ ಈ ಗೋಳು ಕಡಿಮೆ. ಎಎಮ್4 ಬೋರ್ಡಿನಲ್ಲಿ ಮೊದಲ ರೈಜನ್ ತೆಗೆದು 5600 ಕೂರಿಸಬಹುದು.

ಹಾರಂಗಿ_ದಂಡೆ (ಕುಶಾಲನಗರ)

ಬಯಾಸ್, ಅಂದ್ರೆ ಬೋರ್ಡಿನೊಳಗಿನ ಮೂಲ ತಂತ್ರಾಂಶ, ಅಪ್‌ಡೇಟ್ ಆಗಿದ್ರೆ ಮಾತ್ರ ಅಕ್ಕ. ಹಳೇ ಚಿಪ್ ಕೂತಿರುವಾಗಲೇ ಅಪ್‌ಡೇಟ್ ಮುಗಿಸಬೇಕು. ಹೊಸದನ್ನು ಕೂರಿಸಿದ ಮೇಲೆ ಪರದೆಯೇ ಬರದಿದ್ರೆ ಅಪ್‌ಡೇಟ್ ಮಾಡೋದು ಎಲ್ಲಿಂದ? ಮತ್ತೆ ಯುಪಿಎಸ್ ಇಲ್ಲದೆ ಬಯಾಸ್ ಮುಟ್ಟಬೇಡಿ, ಆಟಿಯ ಮಳೆ ತಿಂಗಳಲ್ಲಂತೂ ಬೇಡವೇ ಬೇಡ. ಅರ್ಧಕ್ಕೆ ಕರೆಂಟ್ ಹೋದ್ರೆ ಬೋರ್ಡ್ ಕಲ್ಲಾಗುತ್ತೆ.

ಕಿತ್ತಳೆ_ಸಿಪ್ಪೆ (ಸುಂಟಿಕೊಪ್ಪ)

ಒಳ್ಳೇದಾಯ್ತು ಕೇಳಿದ್ದು. ರೈಜನ್ 2500ಯು ಯಾಕೆ ಆಗಲ್ಲ ಹಾಗಾದ್ರೆ? ರೈಜನ್ 2000ದಿಂದ ಮೇಲೆ ಆಗುತ್ತೆ ಅಂತ ಎಲ್ಲ ಕಡೆ ಬರೆದಿದೆ.

ನಾಪೋಕ್ಲು_ನೆಟ್ (ನಾಪೋಕ್ಲು)

ಹೆಸರು 2000, ಒಳಗಿರೋದು ಮೊದಲನೇ ಝೆನ್ ವಿನ್ಯಾಸ. ಮೈಕ್ರೋಸಾಫ್ಟ್ ಪಟ್ಟಿ ಶುರುವಾಗೋದು ಝೆನ್ ಪ್ಲಸ್‌ನಿಂದ. ಡೆಸ್ಕ್‌ಟಾಪ್‌ನ 2600 ಆಗುತ್ತೆ, ಅದರ ಜತೆಗಾರ 2400ಜಿ ಆಗಲ್ಲ. ಲ್ಯಾಪ್‌ಟಾಪ್‌ನಲ್ಲಿ 3500ಯು ಆಗುತ್ತೆ, 2500ಯು ಆಗಲ್ಲ. ಡಬ್ಬದ ಮೇಲಿನ ಅಂಕಿ ನಂಬಬಾರದು ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಡ.

ರೋಬಸ್ಟ_ಬೀಜ (ಗೋಣಿಕೊಪ್ಪ)

ಇಷ್ಟೆಲ್ಲ ಯಾಕೆ? ರೂಫಸ್‌ನಲ್ಲಿ ಪೆನ್‌ಡ್ರೈವ್ ಮಾಡುವಾಗ ವಿಂಡೋಸ್ 11 ಮಾಡುವ ಟಿಪಿಎಮ್, ಸೆಕ್ಯೂರ್ ಬೂಟ್ ಪರೀಕ್ಷೆ ತೆಗೆಯುವ ಟಿಕ್ ಇದೆ. ಹಾಕಿ ಮುಗಿಸಿ. 7400 ಆರಾಮಾಗಿ ಓಡಿಸುತ್ತೆ.

ಬೈನೆ_ಮರ (ವಿರಾಜಪೇಟೆ)

ಓಡಿಸುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರಲ್ಲ, ಪ್ರತಿ ಸಲ ಹೊಸ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಇಳಿಸಿ ಕೈಯಲ್ಲೇ ಮಾಡಬೇಕು. ಐಎಸ್‌ಒ ಒಂದು 5 ಜಿಬಿ ಮೇಲೆ, ನಾಪೋಕ್ಲು ಕಡೆಯ ನೆಟ್‌ನಲ್ಲಿ ಅದು ರಾತ್ರಿಪೂರ್ತಿಯ ಕೆಲಸ. ಮನೆ ಸಿಸ್ಟಮ್‌ಗೆ ಸರಿ. ತೆರಿಗೆ ಕಟ್ಟುವ ಸಿಸ್ಟಮ್‌ಗೆ ನಾನಂತೂ ಹೇಳಲ್ಲ.

ಇನ್ನು ಆ ಕೋರ್ 2 ಡ್ಯುಯೊಗೆ ರೂಫಸ್ಸೂ ಇಲ್ಲ, ದೇವರೂ ಇಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದರ ಕರ್ನಲ್ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್ ಸೂಚನೆಗಳನ್ನು ನೇರವಾಗಿ ಬಳಸುತ್ತೆ. ಇ7500ರಲ್ಲಿ ಇರೋದು ಎಸ್‌ಎಸ್‌ಇ4.1 ವರೆಗೆ. ಪರೀಕ್ಷೆ ತೆಗೆದ್ರೂ ಚಿಪ್‌ನಲ್ಲಿ ಇಲ್ಲದ್ದು ಇಲ್ಲವೇ, ಬೂಟ್ ಆಗುವ ಹಂತದಲ್ಲೇ ನಿಲ್ಲುತ್ತೆ.

ನಾಪೋಕ್ಲು_ನೆಟ್ (ನಾಪೋಕ್ಲು)

ನಮ್ಮೂರ ನೆಟ್ ಬಗ್ಗೆ ಮಾತಾಡುವಾಗ ಸ್ವಲ್ಪ ಮರ್ಯಾದೆ ಇರಲಿ 😄 ರಾತ್ರಿಪೂರ್ತಿ ಅಲ್ಲ, ಬೆಳಗಿನ ಕಾಫಿ ತನಕ. ಐಎಸ್‌ಒ ಇಳಿಸಿದ ಮೇಲೆ ಫೈಲ್ ಸರಿಯಾಗಿ ಇಳಿದಿದೆಯಾ ಅಂತ ಹೇಳುವ ಶಾ256 ಮೊತ್ತ ತಾಳೆ ನೋಡಿ, ನಡುವೆ ಕಡಿದು ಇಳಿದ ಫೈಲಿನಿಂದ ಅರ್ಧ ಇನ್‌ಸ್ಟಾಲ್ ಆಗಿ ನಿಲ್ಲೋದು ಮಾಮೂಲಿ.

ಕಿತ್ತಳೆ ಅವರಿಗೆ: ವಿಂಡೋಸ್ 10 ನಿಂತದ್ದು 2025 ಅಕ್ಟೋಬರ್ 14ಕ್ಕೆ. ಇಎಸ್‌ಯು ಅನ್ನೋ ಮುಂದುವರಿಕೆ ಯೋಜನೆಗೆ ಸೇರಿಸಿದ್ರೆ ಮನೆ ಬಳಕೆಯ ಸಿಸ್ಟಮ್‌ಗೆ 2026 ಅಕ್ಟೋಬರ್ 13ರ ವರೆಗೆ ಭದ್ರತಾ ಅಪ್‌ಡೇಟ್ ಬರುತ್ತೆ. ವಿಂಡೋಸ್ 10ರ ಆವೃತ್ತಿ 22ಎಚ್2 ಆಗಿರಬೇಕು. ಆಫೀಸ್ ಲೆಕ್ಕಕ್ಕೆ ಬೇರೆ ಲೈಸೆನ್ಸ್, ಮೊದಲ ವರ್ಷಕ್ಕೆ ಒಂದು ಸಿಸ್ಟಮ್‌ಗೆ 61 ಡಾಲರ್, ವರ್ಷ ವರ್ಷ ದುಪ್ಪಟ್ಟು.

ಬೂಟ್‌ಲೋಡರ್_ಭಟ್ಟ (ಮಡಿಕೇರಿ)

ಲಿನಕ್ಸ್ ಬಗ್ಗೆ ಹೇಳ್ತೀನಿ. ಮೂರೂ ಸಿಸ್ಟಮ್‌ಗೆ ಲಿನಕ್ಸ್ ಮಿಂಟ್ 22 ಹಿಡಿಯುತ್ತೆ, ಕೋರ್ 2 ಡ್ಯುಯೊ 64-ಬಿಟ್ ಆದ್ದರಿಂದ ಅದಕ್ಕೂ. 4 ಜಿಬಿ ರ‍್ಯಾಮ್, ಒಂದು ಸಾಟಾ ಎಸ್‌ಎಸ್‌ಡಿ ಇದ್ರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಸಲೀಸು. ಬೆಂಬಲ 2029ರ ವರೆಗೆ.

ಲಿನಕ್ಸ್ ಅಂದ ಮಾತ್ರಕ್ಕೆ ಯಾವ ಪ್ರೊಸೆಸರ್ ಆದ್ರೂ ನಡೆಯುತ್ತೆ ಅಂತಲ್ಲ. ಡೆಬಿಯನ್ ಅನ್ನೋ ಲಿನಕ್ಸ್‌ನ 13ನೇ ಆವೃತ್ತಿ ಬಂದಾಗ 32-ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡೋದು ನಿಲ್ಲಿಸಿದ್ರು. ರೆಡ್‌ಹ್ಯಾಟ್ 10 ಎಕ್ಸ್86-64-ವಿ3 ಕೇಳುತ್ತೆ, ಅಂದ್ರೆ ಚಿಪ್‌ನಲ್ಲಿ ಎವಿಎಕ್ಸ್2 ಅನ್ನೋ ಸೂಚನೆಗಳ ಗುಂಪು ಇರಲೇಬೇಕು. 2020ರ ಪೆಂಟಿಯಂ ಗೋಲ್ಡ್ ಜಿ6400ರಲ್ಲಿ ಅದಿಲ್ಲ! 2013ರ ನಾಲ್ಕನೇ ಜನರೇಷನ್ ಐ5ರಲ್ಲಿ ಇದೆ. ಹಳೇದು ಹೊಸದು ಅನ್ನೋದು ವರ್ಷದಲ್ಲಿ ಇಲ್ಲ, ಚಿಪ್‌ಗೆ ಯಾವ ಸೂಚನೆ ಗೊತ್ತು ಅನ್ನೋದರಲ್ಲಿದೆ.

ಹೊಸ ಚಿಪ್‌ಗೆ ಇದರ ಉಲ್ಟಾ ತೊಂದರೆ. ಡೆಬಿಯನ್ 12ರ ಕರ್ನಲ್ 6.1. ಈಚಿನ ಕೋರ್ ಅಲ್ಟ್ರಾ ಲ್ಯಾಪ್‌ಟಾಪ್‌ಗೆ ಅದನ್ನು ಹಾಕಿದ್ರೆ ಗ್ರಾಫಿಕ್ಸ್, ವೈಫೈ, ಸೌಂಡ್ ಯಾವುದಾದ್ರೂ ಒಂದು ಕೈಕೊಡೋದು ಸಾಮಾನ್ಯ. ಚಿಪ್‌ಗಿಂತ ಕರ್ನಲ್ ಹೊಸದಿರಬೇಕು, ಅಷ್ಟೇ ಸೂತ್ರ.

ಏಲಕ್ಕಿ_ಘಾಟು (ಸೋಮವಾರಪೇಟೆ)

ಟ್ಯಾಲಿ ಲಿನಕ್ಸ್‌ನಲ್ಲಿ ಎಲ್ಲಿದೆ ಭಟ್ರೇ? ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಇದೆ ಅನ್ನಬೇಡಿ.

ಬೂಟ್‌ಲೋಡರ್_ಭಟ್ಟ (ಮಡಿಕೇರಿ)

ವೈನ್ ಅನ್ನಲ್ಲ, ಲಿನಕ್ಸ್ ಒಳಗೇ ಪೂರ್ತಿ ವಿಂಡೋಸ್ ಓಡಿಸುವ ವರ್ಚುವಲ್‌ಬಾಕ್ಸ್ ಅಂತೀನಿ. ಬಯಾಸ್‌ನಲ್ಲಿ ಇಂಟೆಲ್ ಆದ್ರೆ ವಿಟಿ-ಎಕ್ಸ್, ಎಎಮ್‌ಡಿ ಆದ್ರೆ ಎಸ್‌ವಿಎಮ್ ಆನ್ ಮಾಡಿ. ಕೆಲವು ಬೋರ್ಡಲ್ಲಿ ಎಸ್‌ವಿಎಮ್ ಓವರ್‌ಕ್ಲಾಕಿಂಗ್ ಪುಟದ ಒಳಗೆ ಅಡಗಿರುತ್ತೆ, ಹುಡುಕಿ. ಒಳಗಿನ ವಿಂಡೋಸ್‌ಗೆ 4 ಜಿಬಿ ಕೊಡಬೇಕು, ಹಾಗಾಗಿ 8 ಜಿಬಿ ಸಾಲದು, 16 ಮಾಡಿ. ಟೋಕನ್‌ಗೆ ಯುಎಸ್‌ಬಿ ಫಿಲ್ಟರ್ ಹಾಕಿ ಒಳಕ್ಕೆ ದಾಟಿಸಬೇಕು. ನಿಮ್ಮ ಯೂಸರ್ ಹೆಸರು ವಿಬಾಕ್ಸ್‌ಯೂಸರ್ಸ್ ಗುಂಪಿನಲ್ಲಿ ಇಲ್ಲದಿದ್ರೆ ಯುಎಸ್‌ಬಿ ಪಟ್ಟಿ ಖಾಲಿ ಕಾಣುತ್ತೆ. ಎಲ್ಲರೂ ಮುಗ್ಗರಿಸೋದು ಅಲ್ಲೇ.

ರೋಬಸ್ಟ_ಬೀಜ (ಗೋಣಿಕೊಪ್ಪ)

ಒಂದು ಟ್ಯಾಲಿ ತೆರೆಯೋಕೆ ಎರಡು ಓಎಸ್ ಓಡಿಸೋದು. ಕೋಳಿ ಹಿಡಿಯೋಕೆ ಆನೆ ತಂದ ಹಾಗೆ.

ಬೂಟ್‌ಲೋಡರ್_ಭಟ್ಟ (ಮಡಿಕೇರಿ)

ಆನೆ ನಮ್ಮ ಕಡೆ ಕರೆಯದೇ ಬರುತ್ತಲ್ಲ. ಅದಕ್ಕೇ ಆ ಆಫೀಸಿಗೆ ಪೂರ್ತಿ ಲಿನಕ್ಸ್ ಅಂತ ನಾನೂ ಹೇಳ್ತಿಲ್ಲ. ಟ್ಯಾಲಿ ಮತ್ತೆ ಟೋಕನ್ ಒಂದೇ ಸಿಸ್ಟಮ್‌ನಲ್ಲಿರಲಿ, ಅದು ಇಂಟೆಲ್ ಅಥವಾ ರೈಜನ್, ನಿಜವಾದ ವಿಂಡೋಸ್ 11. ಉಳಿದವು ಲಿನಕ್ಸ್.

ಎಲ್‌ಬಿಪಿ2900ಗೆ ಆ ಕೋರ್ 2 ಡ್ಯುಯೊವನ್ನೇ ಪ್ರಿಂಟ್ ಸರ್ವರ್ ಮಾಡಿ. ಕ್ಯಾನನ್‌ನ ಕ್ಯಾಪ್ಟ್ ಲಿನಕ್ಸ್ ಡ್ರೈವರ್ ಇಂಟೆಲ್ ಬಗೆಯ ಪ್ರೊಸೆಸರ್‌ಗೆ ಮಾತ್ರ ಇದೆ, ಇ7500ಗೆ ಸರಿಹೋಗುತ್ತೆ. 64-ಬಿಟ್ ಮಿಂಟ್ ಮೇಲೂ ಕೆಲವು 32-ಬಿಟ್ ಲೈಬ್ರರಿ ಕೇಳುತ್ತೆ, ಮೊದಲೇ ಹಾಕಿಡಿ. ಸಿಸಿಪಿಡಿ ಅನ್ನೋ ಸೇವೆ ಶುರುವಾಗುವಾಗ ಪ್ರಿಂಟರ್ ಆನ್ ಆಗಿರಬೇಕು, ಇಲ್ಲದಿದ್ರೆ ಕೆಲಸ ಸಾಲಲ್ಲಿ ನಿಂತುಬಿಡುತ್ತೆ. ಆಮೇಲೆ ಲಿನಕ್ಸ್‌ನ ಪ್ರಿಂಟ್ ವ್ಯವಸ್ಥೆಯಾದ ಕಪ್ಸ್‌ನಲ್ಲಿ ಶೇರಿಂಗ್ ಆನ್ ಮಾಡಿ. ಕ್ಯಾಪ್ಟ್ ಭಾಷೆಗೆ ತರ್ಜುಮೆ ಆ ಹಳೇ ಸಿಸ್ಟಮ್‌ನಲ್ಲೇ ಆಗೋದ್ರಿಂದ ಉಳಿದವಕ್ಕೆ ಅದು ಮಾಮೂಲಿ ಐಪಿಪಿ ಪ್ರಿಂಟರ್ ಆಗಿ ಕಾಣುತ್ತೆ.

ಕೊಡೆ_ಮರೆತವ (ಮಡಿಕೇರಿ)

ಹಾಗಾದ್ರೆ ಸ್ನಾಪ್‌ಡ್ರಾಗನ್‌ನಿಂದಲೂ ಪ್ರಿಂಟ್ ಬರುತ್ತೆ! ಗೆದ್ದೆ.

ಬೈನೆ_ಮರ (ವಿರಾಜಪೇಟೆ)

ಅರ್ಧ ಗೆದ್ರಿ. ಟೋಕನ್ ಇನ್ನೂ ಅಲ್ಲೇ ಇದೆ. ನಾಳೆ ಬೇಸರವಾಗಿ ಲಿನಕ್ಸ್ ಹಾಕೋಣ ಅಂದ್ರೆ ಸ್ನಾಪ್‌ಡ್ರಾಗನ್‌ಗೆ ಮಾದರಿ ಮಾದರಿಗೂ ಬೇರೆ ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನಿದೆ ಅನ್ನೋ ಪಟ್ಟಿ) ಬೇಕು. ಇಂಟೆಲ್‌ನಲ್ಲಾದರೆ ಎಸಿಪಿಐ ಮೂಲಕ ಬೋರ್ಡೇ ತನ್ನಲ್ಲಿ ಏನೇನಿದೆ ಅಂತ ಹೇಳುತ್ತೆ, ಒಂದು ಪೆನ್‌ಡ್ರೈವ್ ಎಲ್ಲದಕ್ಕೂ ಆಗುತ್ತೆ. ಮಾಕ್ ಕಥೆಯೂ ಹತ್ತಿರ ಹತ್ತಿರ ಇದೇ. ಎಮ್1 ಬಂದ ಮೇಲೆ ಬೂಟ್ ಕ್ಯಾಂಪ್ ಇಲ್ಲ, ಪ್ಯಾರಲಲ್ಸ್ ಒಳಗೆ ಸಲೀಸಾಗಿ ಓಡೋದು ಎಆರ್‌ಎಮ್ ವಿಂಡೋಸ್ ಮಾತ್ರ.

ಸೂರ್ಯ_ಕಾಣದ_ಜುಲೈ (ಭಾಗಮಂಡಲ)

ನುಡಿ ಬಗ್ಗೆ ಯಾರೂ ಹೇಳಿಲ್ಲ. ಹಳೇ ನುಡಿ ಪತ್ರಗಳು ಆಸ್ಕಿ ಫಾಂಟಿನವು. ಲಿನಕ್ಸ್‌ನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಂಡ್ರೆ ಫೈಲ್ ಹಾಳಾಗಿಲ್ಲ, ಫಾಂಟ್ ಇಲ್ಲ ಅಷ್ಟೇ. ಫಾಂಟ್ ಕಾಪಿ ಮಾಡಿದ್ರೆ ಓದಬಹುದು. ಆದರೆ ಓಎಸ್ ಬದಲಿಸುವ ಮೊದಲೇ ಕನ್ವರ್ಟರ್‌ನಲ್ಲಿ ಎಲ್ಲವನ್ನೂ ಯೂನಿಕೋಡ್ ಮಾಡಿಬಿಡಿ, ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ.

ಟೈಪ್ ಮಾಡೋಕೆ ಲಿನಕ್ಸ್‌ನಲ್ಲಿ ಐಬಸ್ ಜತೆ ಎಮ್17ಎನ್ ಹಾಕಿ, ನುಡಿಯ ಕೆಜಿಪಿ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ. ಬೆರಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಕಿತ್ತಳೆ_ಸಿಪ್ಪೆ (ಸುಂಟಿಕೊಪ್ಪ)

ಇದು ತಲೆಗೇ ಬಂದಿರಲಿಲ್ಲ, ಥ್ಯಾಂಕ್ಸ್. ಸರಿ, ಹೊಸದಾಗಿ ಇಂಟೆಲ್ ಲ್ಯಾಪ್‌ಟಾಪ್ ಒಂದು ನೋಡಿದ್ದಾಯ್ತು. ವಿಂಡೋಸ್ 11 ಇರುತ್ತೆ, ಪಕ್ಕದಲ್ಲಿ ಮಿಂಟ್ ಹಾಕಬೇಕು. ಅಂಗಡಿಯವರು ಇಂಟೆಲ್‌ನಲ್ಲಿ ಡಿಸ್ಕೇ ಕಾಣಲ್ಲ ಅಂತ ಹೆದರಿಸಿದ್ರು.

ಹಾರಂಗಿ_ದಂಡೆ (ಕುಶಾಲನಗರ)

ಪೂರ್ತಿ ಸುಳ್ಳಲ್ಲ. 11ನೇ ಜನರೇಷನ್‌ನಿಂದೀಚೆ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ವಿಎಮ್‌ಡಿ ಅನ್ನೋದು ಆನ್ ಆಗಿ ಬರುತ್ತೆ. ಎನ್‌ವಿಎಮ್‌ಇ ಡಿಸ್ಕ್ ಅದರ ಹಿಂದೆ ಅಡಗುತ್ತೆ. ವಿಂಡೋಸ್ ಹೊಸದಾಗಿ ಹಾಕುವವರಿಗೆ ಡ್ರೈವ್ ಪಟ್ಟಿ ಖಾಲಿ, ಆಗ ಇಂಟೆಲ್ ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವ್‌ನಲ್ಲಿ ಬಿಡಿಸಿಟ್ಟು "ಲೋಡ್ ಡ್ರೈವರ್" ಒತ್ತಬೇಕು. ಲಿನಕ್ಸ್ ಇನ್‌ಸ್ಟಾಲರ್ ಕೆಲವೊಮ್ಮೆ ಆರ್‌ಎಸ್‌ಟಿ ತೆಗೆಯಿರಿ ಅಂತ ಅಲ್ಲೇ ನಿಲ್ಲುತ್ತೆ.

ಬಯಾಸ್‌ಗೆ ಹೋಗಿ ನೇರವಾಗಿ ವಿಎಮ್‌ಡಿ ಆಫ್ ಮಾಡಿದ್ರೆ ಇರುವ ವಿಂಡೋಸ್ ನೀಲಿ ಪರದೆಗೆ ಬೀಳುತ್ತೆ. ಕ್ರಮ ಹೀಗಿರಲಿ. ಮೊದಲು, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ, ಆಮೇಲೆ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಸ್ಕ್‌ನ ಎನ್‌ಕ್ರಿಪ್ಷನ್ ಬಿಡಿಸೋದು ಪೂರ್ತಿ ಮುಗಿಯೋ ತನಕ ಕಾಯಿರಿ. ಎಮ್‌ಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಹಾಕಿ. ರೀಸ್ಟಾರ್ಟ್, ಬಯಾಸ್, ವಿಎಮ್‌ಡಿ ಆಫ್. ಸೇಫ್ ಮೋಡ್‌ನಲ್ಲಿ ಒಮ್ಮೆ ಬೂಟ್ ಆದಾಗ ವಿಂಡೋಸ್ ತನ್ನದೇ ಎನ್‌ವಿಎಮ್‌ಇ ಡ್ರೈವರ್ ಹಿಡಿಯುತ್ತೆ. ಆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿದ್ರೆ ಮುಗೀತು. ಸೇಫ್ ಮೋಡ್‌ನಲ್ಲಿ ನಾಲ್ಕಂಕಿ ಪಿನ್ ಕೆಲಸ ಮಾಡದೇ ಇರಬಹುದು, ಅಕೌಂಟ್ ಪಾಸ್‌ವರ್ಡ್ ಮೊದಲೇ ಗೊತ್ತಿರಲಿ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ತೆಗೆಯಿರಿ. ಅದು ಆನ್ ಇದ್ರೆ ವಿಂಡೋಸ್ ನಿಜವಾಗಿ ಶಟ್‌ಡೌನ್ ಆಗಲ್ಲ, ಮಿಂಟ್‌ನಿಂದ ಆ ಡ್ರೈವ್‌ಗೆ ಏನೂ ಬರೆಯೋಕೆ ಬಿಡಲ್ಲ.

ಸೂರ್ಯ_ಕಾಣದ_ಜುಲೈ (ಭಾಗಮಂಡಲ)

ಇದಕ್ಕೇ ಅಂಟಿದ ಇನ್ನೊಂದು, ಮಳೆಗಾಲದ ಸ್ಪೆಷಲ್. ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜತೆ ಮಾತಾಡುವ ಬಗೆ) ಡಿಫಾಲ್ಟ್ ಆಗಿ ರೇಡ್ ಇರುತ್ತೆ, ನಾವು ಎಎಚ್‌ಸಿಐ ಮಾಡಿ ಲಿನಕ್ಸ್ ಹಾಕಿರ್ತೀವಿ. ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿ ಸತ್ತಿದ್ರೆ ಕರೆಂಟ್ ಹೋಗಿ ಬಂದಾಗ ಬಯಾಸ್ ಡಿಫಾಲ್ಟ್‌ಗೆ ವಾಪಸ್, ಡಿಸ್ಕ್ ಮಾಯ. "ಸಿಡಿಲು ಹೊಡೆದು ಹಾರ್ಡ್‌ಡಿಸ್ಕ್ ಹೋಯ್ತು" ಅಂತ ಹೊತ್ತು ತರೋದರಲ್ಲಿ ಎಷ್ಟೋ ಇದೇ ಇರುತ್ತೆ. ಮಲ್ಟಿಮೀಟರ್ ಇಟ್ಟಾಗ 2.7 ವೋಲ್ಟ್‌ಗಿಂತ ಕೆಳಗಿದ್ರೆ ಬಿಲ್ಲೆ ಬದಲಿಸಿ. ಗಡಿಯಾರ ಹಳೇ ವರ್ಷ ತೋರಿಸಿದ್ರೆ ಮೀಟರೂ ಬೇಡ.

ಏಲಕ್ಕಿ_ಘಾಟು (ಸೋಮವಾರಪೇಟೆ)

ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಅದರ ವೈಫೈ ಕಾರ್ಡ್ ತೆಗೆದು 2500ಯುಗೆ ಹಾಕೋಣ ಅಂತ ಹೊರಡಬೇಡಿ, ಹೇಳಿರ್ತೀನಿ. ಇಂಟೆಲ್ ಎಎಕ್ಸ್211 ಎಎಮ್‌ಡಿ ಬೋರ್ಡಿನಲ್ಲಿ ಸತ್ತ ಹಾಗೆ. ವೈಫೈನ ಅರ್ಧ ಭಾಗ ಇಂಟೆಲ್ ಪ್ರೊಸೆಸರ್ ಕಡೆಯೇ ಇರುತ್ತೆ, ಕಾರ್ಡಿನಲ್ಲಿರೋದು ಉಳಿದ ಅರ್ಧ. ಎಎಕ್ಸ್210 ಆದ್ರೆ ಎರಡಕ್ಕೂ ಆಗುತ್ತೆ. ಒಂದಂಕಿ ವ್ಯತ್ಯಾಸ.

ಕಿತ್ತಳೆ_ಸಿಪ್ಪೆ (ಸುಂಟಿಕೊಪ್ಪ)

ಹೊಸ ಇಂಟೆಲ್‌ನಲ್ಲಿ ಟ್ಯಾಲಿ, ಟೋಕನ್. 7400, 2500ಯು ಎರಡಕ್ಕೂ ಮಿಂಟ್. ಇ7500 ಪ್ರಿಂಟರ್ ಕಾಯಲಿ. ಪ್ರೊಸೆಸರ್ ಖರ್ಚು ಉಳಿಯಿತು, ಹಾರಂಗಿಯವರಿಗೆ ಒಂದು ಕಾಫಿ ಬಾಕಿ.

ಕೊನೇದೊಂದು. 2500ಯುನಲ್ಲಿ ವಿಂಡೋಸ್ ಉಳಿಸಿಕೊಂಡೇ ನಿನ್ನೆ ಮಿಂಟ್ ಹಾಕಿದ್ದಾಯ್ತು. ವಿಂಡೋಸ್‌ಗೆ ವಾಪಸ್ ಹೋದ್ರೆ ಗಂಟೆ ತಪ್ಪು ತೋರಿಸ್ತಿದೆ. ಇದೂ ಬಿಲ್ಲೆಯಾ?

ಬೂಟ್‌ಲೋಡರ್_ಭಟ್ಟ (ಮಡಿಕೇರಿ)

ಎಷ್ಟು ಹಿಂದೆ?

ಕಿತ್ತಳೆ_ಸಿಪ್ಪೆ (ಸುಂಟಿಕೊಪ್ಪ)

ಐದೂವರೆ ಗಂಟೆ. ಸರಿಯಾಗಿ.

ಬೂಟ್‌ಲೋಡರ್_ಭಟ್ಟ (ಮಡಿಕೇರಿ)

ಬಿಲ್ಲೆ ಚೆನ್ನಾಗಿದೆ. ಲಿನಕ್ಸ್ ಬೋರ್ಡಿನ ಗಡಿಯಾರವನ್ನು ಯುಟಿಸಿಯಲ್ಲಿ, ಅಂದ್ರೆ ಜಾಗತಿಕ ಸಮಯದಲ್ಲಿ, ಇಡುತ್ತೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತೆ. ಮಿಂಟ್‌ನಲ್ಲಿ ಟರ್ಮಿನಲ್ ತೆರೆದು ಟೈಮ್‌ಡೇಟ್‌ಸಿಟಿಎಲ್ ಆಜ್ಞೆಗೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕೊಡಿ. ಆಮೇಲೆ ವಿಂಡೋಸ್‌ನಲ್ಲಿ ಒಮ್ಮೆ ಸಮಯ ಸಿಂಕ್ ಒತ್ತಿ.

ಕೊಡೆ_ಮರೆತವ (ಮಡಿಕೇರಿ)

ಸ್ನಾಪ್‌ಡ್ರಾಗನ್‌ನಲ್ಲಿ ಈ ತೊಂದರೆ ಇರ್ತಿರಲಿಲ್ಲ.

ಬೈನೆ_ಮರ (ವಿರಾಜಪೇಟೆ)

ಹೌದು. ಎರಡನೇ ಓಎಸ್ಸೇ ಇರ್ತಿರಲಿಲ್ಲವಲ್ಲ.